ಎರಡು ಮುಳ್ಳು ಒಟ್ಟಿಗೆ ಸುಳ್ಳು ಹೇಳಿದಾಗ: ಹಳೇ ಕಾರಿನ ಮೀಟರ್ ಸ್ಟೆಬಿಲೈಜರ್ ದೋಷ ಹುಡುಕುವ ಬಗೆ

ಮಗಳ ಮದುವೆಗೆ ಮುಂಚೆ ಅಪ್ಪನ ಕಾಲದ ಅಂಬಾಸಿಡರ್‌ಗೆ ಬಣ್ಣ ಹೊಡೆಸಿದ್ದೆ. 1970ರ ದಶಕದ ಗಾಡಿ. ಪೇಂಟರ್ ಉತ್ಸಾಹದಲ್ಲಿ ಡ್ಯಾಶ್‌ಬೋರ್ಡಿನ ತಗಡನ್ನೂ ಒಳಗೆ ಹೊರಗೆ ಬಿಡದೆ ಬಳಿದುಕೊಟ್ಟ. ಎರಡು ದಿನ ಬಿಟ್ಟು ಬಳ್ಳಾರಿಯಿಂದ ಹೊಸಪೇಟೆ ಕಡೆ ಹೊರಟರೆ ಕುಡತಿನಿ ದಾಟುವಷ್ಟರಲ್ಲಿ ಟೆಂಪರೇಚರ್ ಮುಳ್ಳು ಕೆಂಪಿನ ಅಂಚಿಗೆ ಬಂದಿತ್ತು. ಏಪ್ರಿಲ್ ಬಿಸಿಲು, 40 ಡಿಗ್ರಿ ಮೇಲೆ. ಬಳ್ಳಾರಿಯಲ್ಲಿ ಇರೋದು ಎರಡೇ ಕಾಲ, ಬೇಸಿಗೆ ಮತ್ತು ಕಡುಬೇಸಿಗೆ ಅಂತ ನಾವೇ ನಗುತ್ತೇವಲ್ಲ, ಹಾಗಾಗಿ ಬಿಸಿಲಿನ ಮೇಲೆ ಹೊರಿಸಿದೆ. ರೇಡಿಯೇಟರ್ ಬಿಚ್ಚಿಸಿ ತೊಳೆಸಿದೆ, ಥರ್ಮೋಸ್ಟಾಟ್ ಬದಲಿಸಿದೆ. ಮುಳ್ಳು ಇಳಿಯಲಿಲ್ಲ. ಆಮೇಲೊಂದು ದಿನ ತೋರಣಗಲ್ಲು ದಾಟಿ ಪೆಟ್ರೋಲ್ ಖಾಲಿಯಾಗಿ ನಿಂತೆ. ಮೀಟರ್ ಇನ್ನೂ ಕಾಲು ಟ್ಯಾಂಕಿನ ಹತ್ತಿರ ತೋರಿಸುತ್ತಿತ್ತು.

ಕೊನೆಗೆ ಕೌಲ್ ಬಜಾರ್ ಕಡೆಯ ಒಬ್ಬ ವೈರಿಂಗ್ ಮಿಸ್ತ್ರಿ ಬಾನೆಟ್ ತೆಗೆಯುವ ಮೊದಲೇ ಕೇಳಿದ್ದು ಒಂದೇ ಪ್ರಶ್ನೆ: "ಸರ, ಬಿಸಿ ಮುಳ್ಳು ಮೇಲೆ ಹೋದಾಗ ಪೆಟ್ರೋಲ್ ಮುಳ್ಳು ಏನ್ ಮಾಡ್ತೈತಿ?" ಅದೂ ಮೇಲೇ ಇರುತ್ತದೆ ಅಂದೆ. "ಹಂಗಾದ್ರ ಇಂಜಿನ್ ಬಿಡ್ರಿ, ಮೀಟರ್ ಹಿಂದ ನೋಡೂಣು" ಅಂದ. ಈ ಬರಹವೆಲ್ಲ ಆ ಒಂದು ಪ್ರಶ್ನೆಯ ವಿಸ್ತರಣೆ.

ಆ ಚಿಕ್ಕ ಡಬ್ಬಿ ಮಾಡುವ ಕೆಲಸ

ಸ್ಟೆಬಿಲೈಜರ್ ಅಂದರೆ ಫ್ರಿಡ್ಜ್ ಪಕ್ಕದ ದೊಡ್ಡ ಪೆಟ್ಟಿಗೆ ನೆನಪಿಗೆ ಬರುತ್ತದೆ. ಸ್ಪೇರ್ ಪಾರ್ಟ್ಸ್ ಅಂಗಡಿಯಲ್ಲಿ ಕಾರಿಗೆ ಸ್ಟೆಬಿಲೈಜರ್ ಕೇಳಿ ನಾನು ನಗೆಪಾಟಲಾಗಿದ್ದೇನೆ. ಇದು ಬೆಂಕಿಪೊಟ್ಟಣಕ್ಕಿಂತ ಚಿಕ್ಕದಾದ ತಗಡಿನ ಡಬ್ಬಿ, ಮೀಟರ್‌ಗಳ ಹಿಂದೆ ಒಂದು ಸ್ಕ್ರೂ ಮೇಲೆ ಕೂತಿರುತ್ತದೆ. 1960ರ ದಶಕದಲ್ಲಿ ಬ್ರಿಟಿಷ್ ಕಾರುಗಳಿಗೆ ಸ್ಮಿತ್ಸ್ ಕಂಪನಿಯ ಹೊಸ ಬಗೆಯ ಮೀಟರ್‌ಗಳು ಬಂದಾಗ ಜೊತೆಗೆ ಬಂದದ್ದು. ಅಂಬಾಸಿಡರ್ ಕೂಡ ಹುಟ್ಟಿನಿಂದ ಮಾರಿಸ್ ಆಕ್ಸ್‌ಫರ್ಡ್ ಸೀರೀಸ್ 3 ತಾನೇ, ವಯರಿಂಗಿನಲ್ಲಿ ಆ ಕಡೆಯ ನೆಂಟಸ್ತಿಕೆ ಎದ್ದು ಕಾಣುತ್ತದೆ.

ಈ ಬಗೆಯ ಪೆಟ್ರೋಲ್ ಮತ್ತು ಟೆಂಪರೇಚರ್ ಮೀಟರ್ ಶಾಖದಿಂದ ನಡೆಯುತ್ತವೆ. ಎರಡು ಲೋಹ ಬೆಸೆದ ಪಟ್ಟಿಗೆ ಸಣ್ಣ ತಂತಿ ಸುತ್ತಿರುತ್ತಾರೆ. ಕರೆಂಟ್ ಹರಿದಷ್ಟು ಪಟ್ಟಿ ಬಿಸಿಯಾಗಿ ಬಾಗಿ ಮುಳ್ಳನ್ನು ತಳ್ಳುತ್ತದೆ. ತೊಂದರೆ ಏನೆಂದರೆ ಕಾರಿನ ವೋಲ್ಟೇಜ್ ಒಂದೇ ಸಮ ಇರುವುದಿಲ್ಲ. ಇಂಜಿನ್ ನಿಂತಾಗ 12 ಚಿಲ್ಲರೆ, ಓಡುವಾಗ 14ರ ಹತ್ತಿರ. ಅದಕ್ಕೇ ಮಧ್ಯೆ ಈ ಡಬ್ಬಿ. ಇದರೊಳಗೂ ಅಂಥದೇ ಎರಡು ಲೋಹದ ಪಟ್ಟಿ, ಸುತ್ತಿದ ತಂತಿ, ತುದಿಯಲ್ಲಿ ಒಂದಕ್ಕೊಂದು ತಾಗುವ ಒಂದು ಜೊತೆ ಪಾಯಿಂಟ್. ಪಾಯಿಂಟ್ ಕೂಡಿರುವಾಗ ಬ್ಯಾಟರಿಯ ಪೂರ್ತಿ ವೋಲ್ಟೇಜ್ ಮೀಟರ್‌ಗೆ ಹೋಗುತ್ತದೆ. ಸುತ್ತಿನ ತಂತಿ ಬಿಸಿಯಾಗಿ ಪಟ್ಟಿ ಬಾಗಿದರೆ ಪಾಯಿಂಟ್ ಬಿಡುತ್ತದೆ, ತಣ್ಣಗಾದರೆ ಮತ್ತೆ ಕೂಡುತ್ತದೆ. ಹೀಗೆ ಕೂಡಿ ಬಿಟ್ಟು, ಕೂಡಿ ಬಿಟ್ಟು ಸರಾಸರಿ 10 ವೋಲ್ಟ್ ಆಗುವಂತೆ ಹೊಂದಿಸಿರುತ್ತಾರೆ. ಮೀಟರ್‌ನ ಪಟ್ಟಿ ಬಿಸಿಯಾಗುವುದೇ ನಿಧಾನ, ಹಾಗಾಗಿ ಈ ಮಿಣುಕು ಮುಳ್ಳಿಗೆ ತಿಳಿಯುವುದೇ ಇಲ್ಲ.

10 ಯಾಕೆ? ಬ್ಯಾಟರಿ ಸ್ವಲ್ಪ ಇಳಿದರೂ 10 ಕೊಡಬಹುದು, 12 ಕೊಡಲಾಗದು.

ಮುಖ್ಯ ಮಾತು ಒಂದಿದೆ. ಒಳಗಿನ ಸುತ್ತಿನ ಇನ್ನೊಂದು ತುದಿ ಡಬ್ಬಿಯ ಮೈಗೆ, ಮೈಯಿಂದ ಸ್ಕ್ರೂ ಮೂಲಕ ಗಾಡಿಯ ಬಾಡಿಗೆ ಅರ್ತ್ ಆಗಬೇಕು. ಅರ್ತ್ ತಪ್ಪಿದರೆ ಸುತ್ತಿನಲ್ಲಿ ಕರೆಂಟ್ ಹರಿಯುವುದಿಲ್ಲ, ಪಟ್ಟಿ ಬಿಸಿಯಾಗುವುದಿಲ್ಲ, ಪಾಯಿಂಟ್ ಬಿಡುವುದೇ ಇಲ್ಲ. ಮೀಟರ್‌ಗೆ 14 ವೋಲ್ಟ್ ಸೀದಾ. ನನ್ನ ಗಾಡಿಯಲ್ಲಿ ಆಗಿದ್ದು ಅದೇ, ಸ್ಕ್ರೂ ಅಡಿಯಲ್ಲಿ ಹೊಸ ಬಣ್ಣ ಕೂತಿತ್ತು.

ನಿಮ್ಮ ಗಾಡಿಯಲ್ಲಿ ಇದು ಇದೆಯೇ?

ಏನೂ ಬಿಚ್ಚಬೇಡಿ. ಚಾವಿ ತಿರುಗಿಸಿ ಪೆಟ್ರೋಲ್ ಮುಳ್ಳಿನ ನಡಿಗೆ ನೋಡಿ. ಮುದುಕರು ಮೆಟ್ಟಿಲು ಹತ್ತಿದಂತೆ ನಿಧಾನ ಏರಿ ಅರ್ಧ ನಿಮಿಷದೊಳಗೆ ನಿಂತರೆ ಅದು ಶಾಖದ ಮೀಟರ್, ಹಿಂದೆ ಸ್ಟೆಬಿಲೈಜರ್ ಇರಲೇಬೇಕು. ಚಾವಿ ತಿರುಗಿಸಿದ ಕೂಡಲೇ ಚಂಗನೆ ಎದ್ದು ತಿರುವಿನಲ್ಲಿ ಪೆಟ್ರೋಲ್ ಜೊತೆ ತೂಗಾಡಿದರೆ ಅದು ಹಳೆಯ ಕಾಲದ ಅಯಸ್ಕಾಂತ ಸುರುಳಿಯ ಮೀಟರ್. ಅದಕ್ಕೆ ಈ ಡಬ್ಬಿ ಬೇಕಿಲ್ಲ, ಈ ಬರಹವೂ ಬೇಕಿಲ್ಲ. ಆಮೀಟರ್, ಆಯಿಲ್ ಪ್ರೆಷರ್ ದೀಪ ಇವು ಸ್ಟೆಬಿಲೈಜರ್‌ನ ಸಂಬಂಧಿಕರಲ್ಲ, ಅವುಗಳ ದೂರು ಇಲ್ಲಿ ತರಬೇಡಿ.

ಲಕ್ಷಣ: ಎರಡೂ ಮುಳ್ಳು ಇರಬೇಕಾದ್ದಕ್ಕಿಂತ ಮೇಲೆ

ಇದೇ ಹೆಚ್ಚು ಕಾಣುವ ದೋಷ, ಹೆಚ್ಚು ದುಡ್ಡು ತಿನ್ನುವುದೂ ಇದೇ. ಶಾಖ ವೋಲ್ಟೇಜಿನ ವರ್ಗಕ್ಕೆ ತಕ್ಕಂತೆ ಏರುತ್ತದೆ. 10ರ ಬದಲು 14 ಹೋದರೆ ಶಾಖ ಹತ್ತಿರ ಹತ್ತಿರ ಇಮ್ಮಡಿ. ಅರ್ಧ ಟ್ಯಾಂಕ್ ಇದ್ದರೆ ಮುಳ್ಳು ಮುಕ್ಕಾಲು ದಾಟುತ್ತದೆ, ಫುಲ್ ಇದ್ದರೆ ಗೆರೆ ಮೀರಿ ಮೂಲೆಗೆ ಒತ್ತಿಕೊಳ್ಳುತ್ತದೆ, ಖಾಲಿ ಇದ್ದರೂ ಪೂರಾ ಕೆಳಗೆ ಇಳಿಯುವುದಿಲ್ಲ.

ಆದರೆ ರಸ್ತೆ ಮೇಲೆ ಇರುವಾಗ ಮೊದಲು ಮುಳ್ಳನ್ನೇ ನಂಬಿ. ಟೆಂಪರೇಚರ್ ಕೆಂಪಿಗೆ ಹೋದರೆ ಪಕ್ಕಕ್ಕೆ ನಿಲ್ಲಿಸಿ, ಇಂಜಿನ್ ಆರಿಸಿ, ಬಾನೆಟ್ ಎತ್ತಿ. ಆವಿಯ ಸದ್ದು, ಕೂಲಂಟಿನ ವಾಸನೆ, ನೀರು ಸುರಿದ ಗುರುತು ಏನಾದರೂ ಇದ್ದರೆ ಅದು ನಿಜವಾದ ಬಿಸಿ. ರೇಡಿಯೇಟರ್ ಮುಚ್ಚಳವನ್ನು ಬಿಸಿ ಇರುವಾಗ ಬಟ್ಟೆ ಹಿಡಿದು ಕೂಡ ತೆಗೆಯಬೇಡಿ, ಅರ್ಧ ಗಂಟೆಯಾದರೂ ಆರಲಿ. ಇದ್ಯಾವುದೂ ಇಲ್ಲದೆ ಪೆಟ್ರೋಲ್ ಮುಳ್ಳೂ ಅತಿಯಾಗಿ ಮೇಲಿದ್ದರೆ ಮಾತ್ರ ಸ್ಟೆಬಿಲೈಜರ್ ಮೇಲೆ ಅನುಮಾನ ಪಡಿ. ಇನ್ನೊಂದು: ದೂರ ಓಡಿಸಿ ಒಗ್ಗರಣೆ ಮಿರ್ಚಿ ತಿನ್ನಲು ನಿಲ್ಲಿಸಿ, ಹತ್ತು ನಿಮಿಷ ಬಿಟ್ಟು ಚಾವಿ ತಿರುಗಿಸಿದಾಗ ಬಿಸಿ ಮುಳ್ಳು ಮಾತ್ರ ಮೊದಲಿಗಿಂತ ಮೇಲಿದ್ದರೆ ಅದು ದೋಷವಲ್ಲ. ಫ್ಯಾನ್, ಪಂಪ್ ನಿಂತ ಮೇಲೆ ಇಂಜಿನ್ನಿನ ಶಾಖ ನೀರಿಗೆ ಇಳಿಯುತ್ತದೆ, ಓಡಿಸಿದರೆ ತಾನಾಗಿ ಇಳಿಯುತ್ತದೆ.

ಮನೆಗೆ ಬಂದ ಮೇಲೆ ಮೊದಲ ಪರೀಕ್ಷೆಗೆ ಖರ್ಚೇ ಇಲ್ಲ. ಎರಡು ಮೀಟರ್ ಉದ್ದದ ವೈರ್, ಎರಡೂ ತುದಿಗೆ ಕ್ಲಿಪ್. ಒಂದು ತುದಿಯನ್ನು ಸ್ಟೆಬಿಲೈಜರ್‌ನ ತಗಡಿನ ಮೈಗೆ, ಇನ್ನೊಂದನ್ನು ಬಾಡಿಯ ಬಣ್ಣವಿಲ್ಲದ ಬೋಲ್ಟ್‌ಗೆ ಹಚ್ಚಿ. ತಂತಿ ಕೂರಿಸುವ ಟರ್ಮಿನಲ್‌ಗೆ ತಾಗಿದರೆ ಕಿಡಿ ಹಾರಿ ಫ್ಯೂಸ್ ಹೋಗುತ್ತದೆ, ಆದ್ದರಿಂದ ಕ್ಲಿಪ್ ಹಚ್ಚಿ ಮುಗಿದ ಮೇಲೇ ಚಾವಿ ಹಾಕಿ. ಒಂದೆರಡು ನಿಮಿಷದಲ್ಲಿ ಎರಡೂ ಮುಳ್ಳು ಇಳಿದರೆ ಡಬ್ಬಿ ಸರಿ ಇದೆ, ಅರ್ತ್ ಸರಿ ಇಲ್ಲ. ಸ್ಕ್ರೂ ಬಿಚ್ಚಿ, ಅದರ ಅಡಿಯ ತಗಡನ್ನು ಉಪ್ಪು ಕಾಗದದಿಂದ ಹೊಳೆಯುವವರೆಗೆ ಉಜ್ಜಿ, ಹಲ್ಲಿನ ವಾಷರ್ ಹಾಕಿ ಬಿಗಿ ಮಾಡಿ. ಮುಗಿಯಿತು. ನಮ್ಮ ಮಿಸ್ತ್ರಿ ಸಂಡೂರಿನ ಅದಿರಿನ ಕೆಂಪು ದೂಳನ್ನೂ ಬೈದ. ನನಗೆ ಅಷ್ಟು ಖಾತ್ರಿ ಇಲ್ಲ, ನನ್ನದಕ್ಕಂತೂ ಪೇಂಟರ್ ಕೈಯೇ ಕಾರಣ.

ವೈರ್ ಹಚ್ಚಿದರೂ ಇಳಿಯದಿದ್ದರೆ ಒಳಗಿನ ಸುತ್ತು ಕಡಿದಿದೆ ಅಥವಾ ಪಾಯಿಂಟ್ ಅಂಟಿಕೊಂಡಿದೆ. ಡಬ್ಬಿ ಹೋಯಿತು. ಯಾರೋ ಡಬ್ಬಿಯ ಅಂಚಿನ ಮಡಿಕೆ ಬಿಚ್ಚಿ ಪಾಯಿಂಟ್ ಉಜ್ಜಿ ಸರಿಮಾಡಿದರು ಅಂತ ಕೇಳಿರುತ್ತೀರಿ. ಉಜ್ಜಬಹುದು, ಆದರೆ 10 ವೋಲ್ಟ್ ಹೊಂದಾಣಿಕೆ ಮತ್ತೆ ಬರುವುದು ಅದೃಷ್ಟ. ನಾನು ಮಾಡುವುದಿಲ್ಲ.

ಲಕ್ಷಣ: ಆಕ್ಸಿಲರೇಟರ್ ಒತ್ತಿದರೆ ಎರಡೂ ಏರುತ್ತವೆ, ಹೆಡ್‌ಲೈಟ್ ಹಾಕಿದರೆ ಎರಡೂ ಇಳಿಯುತ್ತವೆ

ಮೇಲಿನದರ ತಮ್ಮ ಇದು. ಸ್ಟೆಬಿಲೈಜರ್ ಕೆಲಸ ಬಿಟ್ಟು ಬರೀ ದಾರಿ ಬಿಟ್ಟುಕೊಟ್ಟು ಕೂತಿದೆ, ಬ್ಯಾಟರಿಯ ಏರಿಳಿತವೇ ಮುಳ್ಳಿನ ಏರಿಳಿತ. ಮೊದಲು ಮತ್ತೆ ಅದೇ ಅರ್ತ್ ವೈರ್ ಪರೀಕ್ಷೆ.

ನಂತರ ಬೇಕಿದ್ದರೆ ಅಳತೆ. ಡಬ್ಬಿಯ ಮೇಲೆ 'ಬಿ' ಅಂದರೆ ಬ್ಯಾಟರಿ ಕಡೆ, 'ಐ' ಅಂದರೆ ಮೀಟರ್ ಕಡೆ, 'ಇ' ಇದ್ದರೆ ಅರ್ತ್. ಡಿಜಿಟಲ್ ಮಲ್ಟಿಮೀಟರ್ ಇಲ್ಲಿ ಕೆಲಸಕ್ಕೆ ಬಾರದು. ಪಾಯಿಂಟ್ ಕೂಡಿ ಬಿಡುವಾಗ ಅಂಕಿಗಳು 0ಯಿಂದ 12ಕ್ಕೆ ಕುಣಿಯುತ್ತವೆ, ನೋಡಿದವರು ಡಬ್ಬಿ ಕೆಟ್ಟಿದೆ ಅಂದುಕೊಳ್ಳುತ್ತಾರೆ. ಹಳೆಯ ಮುಳ್ಳಿನ ಮಲ್ಟಿಮೀಟರ್ ಇದ್ದರೆ ಒಳ್ಳೆಯದು, ಎರಡು ನಿಮಿಷ ಬಿಟ್ಟರೆ ಅದು 10ರ ಆಸುಪಾಸಿನಲ್ಲಿ ತೂಗುತ್ತದೆ. ಅದೂ ಇಲ್ಲದಿದ್ದರೆ ಡ್ಯಾಶ್‌ಬೋರ್ಡಿನ 2.2 ವ್ಯಾಟ್ ಬಲ್ಬ್ ಒಂದನ್ನು 'ಐ'ಗೂ ಬಾಡಿಗೂ ಮಧ್ಯೆ ಹಚ್ಚಿ. ಮೊದಲು ಕೆಲವು ಸೆಕೆಂಡ್ ಸತತ ಉರಿದು, ಆಮೇಲೆ ಮಿಣುಕಲು ಶುರುವಾದರೆ ಡಬ್ಬಿ ಜೀವಂತ. ಸತತ ಉರಿದೇ ಇದ್ದರೆ ಅಂಟಿದೆ ಅಥವಾ ಅರ್ತ್ ಇಲ್ಲ. ಹೆಡ್‌ಲೈಟ್ ಬಲ್ಬಿನಂಥ ದೊಡ್ಡದು ಹಚ್ಚಬೇಡಿ, ಆ ಪಾಯಿಂಟ್‌ಗಳಿಗೆ ಅಷ್ಟು ಹೊರುವ ಶಕ್ತಿ ಇಲ್ಲ.

ಲಕ್ಷಣ: ಎರಡೂ ಮುಳ್ಳು ಏಳುವುದೇ ಇಲ್ಲ

ಬ್ರೇಕ್ ತುಳಿದು ಹಿಂದೆ ದೀಪ ಬರುತ್ತದೆಯೇ ಯಾರಿಂದಲಾದರೂ ನೋಡಿಸಿ. ಇಂಡಿಕೇಟರ್ ಹಾಕಿ, ವೈಪರ್ ಹಾಕಿ. ಬ್ರಿಟಿಷ್ ಮಾದರಿಯ ವಯರಿಂಗಿನಲ್ಲಿ ಇವೆಲ್ಲ ಸಾಮಾನ್ಯವಾಗಿ ಮೀಟರ್‌ಗಳ ಜೊತೆ ಒಂದೇ ಫ್ಯೂಸ್ ಹಂಚಿಕೊಂಡಿರುತ್ತವೆ, ಫ್ಯೂಸ್ ಬಾಕ್ಸಿನಲ್ಲಿ ಎ3–ಎ4 ಗುರುತಿನ ಮಧ್ಯೆ ಇರುವುದು. ಎಲ್ಲವೂ ಸತ್ತಿದ್ದರೆ ಆ ಫ್ಯೂಸ್ ನೋಡಿ. ಹೋಗಿರದಿದ್ದರೂ ತೆಗೆದು ಕ್ಲಿಪ್ ಉಜ್ಜಿ ಹಾಕಿ, ಹಸಿರು ಕಿಲುಬು ಹಿಡಿದಿರುತ್ತದೆ. ಫ್ಯೂಸ್ ಬದಲು ಸಿಗರೇಟ್ ಬೆಳ್ಳಿಕಾಗದ ಸುತ್ತುವ ಜಾಣತನ ಬೇಡ, ಅಷ್ಟು ಹಳೆಯ ವೈರು ಹೊತ್ತಿಕೊಳ್ಳಲು ಅಷ್ಟೇ ಸಾಕು. ಹೊಸ ಫ್ಯೂಸ್ ಹಾಕಿದ ಕೂಡಲೇ ಮತ್ತೆ ಹೋದರೆ ಎಲ್ಲೋ ಶಾರ್ಟ್ ಇದೆ. ಮೂರನೆಯದು ಹಾಕದೆ ಅಲ್ಲಿಗೇ ನಿಲ್ಲಿಸಿ ಮಿಸ್ತ್ರಿ ಹತ್ತಿರ ಹೋಗಿ.

ಮಿಕ್ಕದ್ದೆಲ್ಲ ನಡೆಯುತ್ತಿದ್ದು ಮೀಟರ್ ಎರಡು ಮಾತ್ರ ಸತ್ತಿದ್ದರೆ ಟೆಸ್ಟ್ ಲ್ಯಾಂಪ್ ಹಿಡಿದು 'ಬಿ' ನೋಡಿ. ಅಲ್ಲಿಗೆ ಹಸಿರು ವೈರ್ ಬರುತ್ತದೆ. ಲ್ಯಾಂಪ್ ಉರಿಯದಿದ್ದರೆ ವೈರ್ ಕಳಚಿದೆ. ಪೇಂಟ್, ಸ್ಪೀಡೋಮೀಟರ್ ಕೇಬಲ್, ಸೌಂಡ್ ಸಿಸ್ಟಮ್ ಹೀಗೆ ಯಾರಾದರೂ ಡ್ಯಾಶ್‌ಬೋರ್ಡ್ ಹಿಂದೆ ಕೈ ಹಾಕಿದ್ದರೆ ಖಂಡಿತ ಇದೇ. 'ಬಿ'ಯಲ್ಲಿ ಉರಿದು 'ಐ'ಯಲ್ಲಿ ಎರಡು ನಿಮಿಷ ಕಾದರೂ ಒಮ್ಮೆಯೂ ಮಿಣುಕದಿದ್ದರೆ ಪಾಯಿಂಟ್ ತೆರೆದೇ ನಿಂತಿದೆ, ಡಬ್ಬಿ ಬದಲಿಸಿ.

ಮನೆ ಮುಟ್ಟಲು 'ಬಿ' ಮತ್ತು 'ಐ' ಸೇರಿಸಿ ವೈರ್ ಕಟ್ಟುವವರಿದ್ದಾರೆ. ಮೀಟರ್ ಎದ್ದಂತೆ ಕಾಣುತ್ತದೆ, ಆದರೆ ಖಾಲಿ ಟ್ಯಾಂಕನ್ನೂ ಪೆಟ್ರೋಲ್ ಇದೆ ಅನ್ನುತ್ತದೆ. ಸಿರುಗುಪ್ಪ ದಾರಿಯ ಗದ್ದೆಗಳ ಮಧ್ಯೆ ರಾತ್ರಿ ಹತ್ತಕ್ಕೆ ನಿಂತರೆ ಆಗ ಗೊತ್ತಾಗುತ್ತದೆ, ಸತ್ತ ಮೀಟರೇ ವಾಸಿ ಇತ್ತು ಅಂತ.

ಲಕ್ಷಣ: ಒಂದೇ ಮುಳ್ಳು ತಪ್ಪು ತೋರಿಸುತ್ತದೆ, ಇನ್ನೊಂದು ಸರಿ ಇದೆ

ಸ್ಟೆಬಿಲೈಜರ್ ನಿರಪರಾಧಿ. ಎರಡಕ್ಕೂ ಕರೆಂಟ್ ಕೊಡುವುದು ಒಂದೇ ಡಬ್ಬಿ, ಅದು ಕೆಟ್ಟರೆ ಎರಡೂ ಕೆಡಬೇಕು. ಹಾಗಾದರೆ ಆ ಮೀಟರ್, ಅದರ ವೈರ್ ಅಥವಾ ತುದಿಯಲ್ಲಿರುವ ಫ್ಲೋಟ್ ಇಲ್ಲವೆ ಸೆನ್ಸರ್. ಬ್ರಿಟನ್ನಿನ ಲೂಕಸ್ ಕಂಪನಿಯ ವೈರ್ ಬಣ್ಣದ ಲೆಕ್ಕದಲ್ಲಿ ಟ್ಯಾಂಕ್ ಕಡೆ ಹೋಗುವ ವೈರ್ ಹಸಿರು ಮೇಲೆ ಕಪ್ಪು ಗೆರೆ, ಬಿಸಿ ಸೆನ್ಸರ್ ಕಡೆಯದು ಹಸಿರು ಮೇಲೆ ನೀಲಿ ಗೆರೆ. ಹಿಂದೆ ಯಾರಾದರೂ ಹಾರ್ನೆಸ್ ಬದಲಿಸಿದ್ದರೆ ಬಣ್ಣ ನಂಬಬೇಡಿ, ತುದಿ ಹಿಡಿದು ಹೋಗಿ.

ಪೆಟ್ರೋಲ್ ಮುಳ್ಳು ಯಾವಾಗಲೂ ಫುಲ್ ಅಂದರೆ ಆ ವೈರ್ ಎಲ್ಲೋ ಬಾಡಿಗೆ ತಾಗಿದೆ. ಯಾವಾಗಲೂ ಖಾಲಿ ಅಂದರೆ ವೈರ್ ಕಡಿದಿದೆ, ಟ್ಯಾಂಕಿಗೆ ಅರ್ತ್ ಇಲ್ಲ, ಅಥವಾ ಹಿತ್ತಾಳೆಯ ಫ್ಲೋಟ್ ತೂತಾಗಿ ಮುಳುಗಿದೆ. ಪರೀಕ್ಷೆಯನ್ನು ಟ್ಯಾಂಕ್ ಹತ್ತಿರ ಮಾಡಬೇಡಿ. ಪೆಟ್ರೋಲ್ ಆವಿ ಇರುವ ಕಡೆ ಒಂದು ಕಿಡಿ ಕೂಡ ಹೆಚ್ಚು. ಡ್ಯಾಶ್‌ಬೋರ್ಡ್ ಹಿಂದೆಯೇ ಮೀಟರ್‌ನಿಂದ ಹಸಿರು-ಕಪ್ಪು ವೈರ್ ಕಳಚಿ, ಆ ಟರ್ಮಿನಲ್‌ಗೂ ಬಾಡಿಗೂ ಮಧ್ಯೆ 68 ಓಮ್, ಒಂದು ವ್ಯಾಟಿನ ರೆಸಿಸ್ಟರ್ ಹಚ್ಚಿ. ರೇಡಿಯೋ ರಿಪೇರಿ ಅಂಗಡಿಯಲ್ಲಿ ಚಿಲ್ಲರೆ ಕಾಸಿಗೆ ಸಿಗುತ್ತದೆ. ಸ್ಮಿತ್ಸ್ ಬಗೆಯ ಮೀಟರ್ ಆದರೆ ಮುಳ್ಳು ಸುಮಾರು ಅರ್ಧದ ಹತ್ತಿರ ನಿಲ್ಲಬೇಕು. ನಿಂತರೆ ಮೀಟರ್ ಸರಿ, ದೋಷ ಹಿಂದೆ. ರೆಸಿಸ್ಟರ್ ಇಲ್ಲದೆ ಬರೀ ವೈರ್ ಹಚ್ಚಿ ಬಾಡಿಗೆ ಮುಟ್ಟಿಸುವ ಅಭ್ಯಾಸ ಬಹಳ ಮಂದಿಗಿದೆ. ಮುಳ್ಳು ಎದ್ದ ಕೂಡಲೇ ಬಿಡಬೇಕು, ಹಾಗೇ ಹಿಡಿದರೆ ಮೀಟರ್ ಒಳಗಿನ ಸುತ್ತು ಸುಟ್ಟು ಹೋಗುತ್ತದೆ.

ಟೆಂಪರೇಚರ್ ಸೆನ್ಸರ್‌ನಲ್ಲಿ ಬಿಸಿ ಏರಿದಂತೆ ರೆಸಿಸ್ಟೆನ್ಸ್ ಇಳಿಯುತ್ತದೆ. ವೈರ್ ಕಳಚಿದರೆ ಮುಳ್ಳು ತಣ್ಣನೆಯ ಕಡೆಗೆ ಬೀಳಬೇಕು, ಬೀಳದಿದ್ದರೆ ವೈರ್ ದಾರಿಯಲ್ಲಿ ಬಾಡಿಗೆ ತಾಗಿದೆ. ಹೊಸ ಸೆನ್ಸರ್ ಹಾಕಿದ ಮೇಲೆ ಕಡಿಮೆ ತೋರಿಸಿದರೆ ಅದರ ತಿರುಪಿಗೆ ಸುತ್ತಿದ ಬಿಳಿ ಟೇಪ್ ನೋಡಿ, ನೀರು ಸೋರದಂತೆ ಹೆಚ್ಚು ಸುತ್ತಿ ಅರ್ತನ್ನೂ ತಡೆದಿರುತ್ತಾರೆ.

ಟ್ಯಾಂಕಿನ ಫ್ಲೋಟ್ ತೆಗೆಯುವ ಕೆಲಸವನ್ನು ಗ್ಯಾರೇಜಿಗೆ ಬಿಡಿ ಅನ್ನುವುದೇ ನನ್ನ ಅಭಿಪ್ರಾಯ. ಮಾಡಲೇಬೇಕೆಂದರೆ ಬ್ಯಾಟರಿ ಕಳಚಿ, ಬಯಲಿನಲ್ಲಿ, ಬೀಡಿ ಸಿಗರೇಟಿನವರನ್ನು ದೂರ ಕಳಿಸಿ.

ಲಕ್ಷಣ: ಮುಳ್ಳುಗಳ ಜೊತೆ ಬಲ್ಬೂ ಪದೇಪದೇ ಹೋಗುತ್ತವೆ, ಬ್ಯಾಟರಿ ನೀರು ಬೇಗ ಇಳಿಯುತ್ತದೆ

ಇದು ಮೀಟರ್ ಸ್ಟೆಬಿಲೈಜರ್ ಅಲ್ಲ, ಅದರ ದೊಡ್ಡಣ್ಣ, ಬ್ಯಾಟರಿಗೆ ಹೋಗುವ ಚಾರ್ಜನ್ನು ಹಿಡಿತದಲ್ಲಿಡುವ ಭಾಗ. ಡೈನಮೋ ಗಾಡಿಯಾದರೆ ಮಿಸ್ತ್ರಿಗಳು ಕಟೌಟ್ ಅನ್ನುವ ಕಪ್ಪು ಪೆಟ್ಟಿಗೆ, ಆಲ್ಟರ್ನೇಟರ್ ಗಾಡಿಯಾದರೆ ಅದರ ರೆಗ್ಯುಲೇಟರ್. ಇಂಜಿನ್ ಸ್ವಲ್ಪ ಜೋರಾಗಿ ಓಡಿಸಿ ಬ್ಯಾಟರಿ ಮೇಲೆ ಮಲ್ಟಿಮೀಟರ್ ಇಡಿ, ಇಲ್ಲಿ ಡಿಜಿಟಲ್ ನಡೆಯುತ್ತದೆ. 13.5ರಿಂದ 14.5ರೊಳಗೆ ಇದ್ದರೆ ಸರಿ. 15 ದಾಟಿದರೆ ಓಡಿಸಬೇಡಿ. ಬ್ಯಾಟರಿ ಕುದ್ದು ಹೈಡ್ರೋಜನ್ ಬಿಡುತ್ತದೆ, ಹತ್ತಿರ ಬೆಂಕಿ ಬೇಡ, ಆಸಿಡ್ ಕಣ್ಣಿಗೆ ಸಿಡಿಯದಂತೆ ಮುಖ ದೂರ ಇಡಿ. ಕಟೌಟ್ ಒಳಗಿನ ಸ್ಪ್ರಿಂಗ್ ತಿರುಗಿಸಿ ಸರಿಮಾಡುವುದು ಕೈ ಪಳಗಿದವರ ಕೆಲಸ, ಅಂಥವರು ಈಗ ನಮ್ಮೂರಲ್ಲಿ ಬೆರಳೆಣಿಕೆಯಷ್ಟು.

ರೇಡಿಯೋದಲ್ಲಿ ಟಿಕ್ ಟಿಕ್ ಸದ್ದು ಬಂದರೆ ಅದು ಪಾಯಿಂಟ್ ಕೂಡಿ ಬಿಡುವ ಕಿಡಿ ಇರಬಹುದು. ಕಿವಿಗೆ ಕಿರಿಕಿರಿ, ದೋಷವೇನಲ್ಲ.

ಬದಲಿಸುವುದಾದರೆ

ಮೊದಲು ಬ್ಯಾಟರಿಯ ಅರ್ತ್ ಕೇಬಲ್ ಕಳಚಿ. ಡ್ಯಾಶ್‌ಬೋರ್ಡ್ ಹಿಂದೆ ಸ್ಕ್ರೂಡ್ರೈವರ್ ಜಾರಿದರೆ ಆಗುವ ಅನಾಹುತ ದೊಡ್ಡದು. ಹಳೆಯ ಬಗೆಯ ಡಬ್ಬಿ ಸಿಕ್ಕರೆ ಅದನ್ನೇ ಹಾಕಿ, ಮೊದಲಿದ್ದ ದಿಕ್ಕಿನಲ್ಲೇ. ಅಡ್ಡಾದಿಡ್ಡಿ ಕೂರಿಸಿದರೆ ಒಳಗಿನ ಶಾಖ ಹರಡುವ ರೀತಿ ಬದಲಾಗಿ 10 ವೋಲ್ಟ್ ತಪ್ಪುತ್ತದೆ.

ಸಿಗದಿದ್ದರೆ 7810 ಅನ್ನುವ ಮೂರು ಕಾಲಿನ ಐಸಿ. ಸತತ 10 ವೋಲ್ಟ್ ಕೊಡುತ್ತದೆ, 1 ಆಂಪಿಯರ್ ಸಾಮರ್ಥ್ಯ ಎರಡು ಮೀಟರ್‌ಗೆ ಧಾರಾಳ. ಅಕ್ಷರ ನಮ್ಮ ಕಡೆ, ಕಾಲು ಕೆಳಗೆ ಇಟ್ಟರೆ ಎಡಗಾಲು 'ಬಿ', ನಡುಗಾಲು ಅರ್ತ್, ಬಲಗಾಲು 'ಐ'. ಬೆನ್ನಿನ ತಗಡೂ ಅರ್ತೇ, ಹಾಗಾಗಿ ನೆಗೆಟಿವ್ ಅರ್ತ್ (ಬ್ಯಾಟರಿಯ ಮೈನಸ್ ಬಾಡಿಗೆ ಕಟ್ಟಿದ) ಗಾಡಿಯಲ್ಲಿ ಬಾಡಿ ತಗಡಿಗೆ ಸೀದಾ ಬೋಲ್ಟ್ ಮಾಡಬಹುದು, ಶಾಖವೂ ಇಳಿಯುತ್ತದೆ. ಒಳಬರುವ ಕಡೆ 0.33, ಹೊರಹೋಗುವ ಕಡೆ 0.1 ಮೈಕ್ರೋಫ್ಯಾರಡ್ ಕಂಡೆನ್ಸರ್ ಅರ್ತಿಗೆ ಹಾಕಿ. ಈ ಐಸಿಗೆ ಹೊರಗೆ ಕೊಡುವುದಕ್ಕಿಂತ ಸುಮಾರು 2 ವೋಲ್ಟ್ ಹೆಚ್ಚು ಒಳಗೆ ಬೇಕು. ಬ್ಯಾಟರಿ ಬಳಲಿ 12ಕ್ಕಿಂತ ಕೆಳಗೆ ಇಳಿದಾಗ ಮುಳ್ಳು ಸ್ವಲ್ಪ ತಗ್ಗಿದರೆ ಗಾಬರಿ ಬೇಡ.

ಬಾಡಿಗೆ ಪ್ಲಸ್ ಕಟ್ಟಿದ ಹಳೆಯ ಗಾಡಿ ಇನ್ನೂ ಕೆಲವು ಇವೆ. ಹಳೆಯ ತಗಡಿನ ಡಬ್ಬಿಗೆ ಪ್ಲಸ್ ಮೈನಸ್ ಭೇದವಿಲ್ಲ, ಐಸಿಗೆ ಇದೆ. ಅಲ್ಲಿ 7910 ಬೇಕು. ಅದರ ಕಾಲಿನ ಕ್ರಮ ಬೇರೆ, ಎಡಗಾಲು ಅರ್ತ್, ನಡುಗಾಲು ಒಳಬರುವುದು. ಬೆನ್ನಿನ ತಗಡು ಅರ್ತ್ ಅಲ್ಲ, ಒಳಬರುವ ಕರೆಂಟಿಗೇ ಸೇರಿರುತ್ತದೆ, ಕರೆಂಟ್ ತಡೆಯುವ ಮೈಕಾ ಹಾಳೆ ಇಲ್ಲದೆ ಬಾಡಿಗೆ ಬಿಗಿದರೆ ಆ ಕ್ಷಣವೇ ಶಾರ್ಟ್. ಬೆಸುಗೆ ಹಾಕುವ ಮೊದಲು ಬ್ಯಾಟರಿಯ ಯಾವ ಕೇಬಲ್ ಬಾಡಿಗೆ ಹೋಗಿದೆ ಅಂತ ಕಣ್ಣಾರೆ ನೋಡಿ.

ಹಾಕಿದ ಮೇಲೆ ಬಂಕಿನಲ್ಲಿ ಒಮ್ಮೆ ಫುಲ್ ಮಾಡಿಸಿ, ಚಾವಿ ತಿರುಗಿಸಿ ಒಂದು ನಿಮಿಷ ಕಾಯಿರಿ. ಹಿಂದಿನ ಗಾಡಿಯವರು ಹಾರ್ನ್ ಮಾಡಿದರೂ ಕಾಯಿರಿ. ಮುಳ್ಳು ಫುಲ್ ಗೆರೆಯ ಮೇಲೆ ಬಂದು ಅಲ್ಲೇ ನಿಂತರೆ, ಆಕ್ಸಿಲರೇಟರ್ ಒತ್ತಿದರೂ ಅಲುಗದಿದ್ದರೆ, ಡ್ಯಾಶ್‌ಬೋರ್ಡಿನ ಸ್ಕ್ರೂಗಳನ್ನು ಹಾಕಿಬಿಡಬಹುದು. ನಾನು ಮೂರು ಸ್ಕ್ರೂ ಹಾಕಿ ನಾಲ್ಕನೆಯದನ್ನು ಸೀಟಿನಡಿ ಕಳೆದುಕೊಂಡೆ, ಇನ್ನೂ ಸಿಕ್ಕಿಲ್ಲ.